ಚಪ್ಪರದ ಮೇಲೆ ನನ್ನ ತಲೆ, ಕೆಳಗೆ ಚಿರತೆ

ನಾನು ನಿಂತಿದ್ದು ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಬಲಗಡೆ, ನನ್ನ ತಂಗಿ ಕಮಲಾಳ ದ್ರಾಕ್ಷಿ ತೋಟದ ಹನ್ನೊಂದನೆಯ ಸಾಲಿನಲ್ಲಿ, ಪಶ್ಚಿಮದ ತುದಿಯಿಂದ ಎಣಿಸಿದರೆ ನಾಲ್ಕನೆಯ ಕಂಬದ ಪಕ್ಕ. ಗುರುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ನನ್ನ ಕೈಗಡಿಯಾರ ಎರಡು ನಿಮಿಷ ಮುಂದೆ ಓಡುವುದರಿಂದ ಏಳು ಹದಿನೆಂಟು ಎಂದು ಓದಿಕೊಳ್ಳಬೇಕು. ಇಷ್ಟು ಕರಾರುವಾಕ್ಕಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಮೂವತ್ಮೂರು ವರ್ಷ ಭೂಮಾಪಕನಾಗಿ ಊರೂರಿನ ಹೊಲ ಅಳೆದು ನಿವೃತ್ತನಾದವನು ನಾನು. ಅಳತೆಯಲ್ಲಿ ಒಂದು ಅಡಿ ಆಚೀಚೆಯಾದರೆ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಡುವುದನ್ನು ಕಂಡಿದ್ದೇನೆ. ಹೀಗಾಗಿ ಕಂಡಿದ್ದನ್ನು ಕಂಡಷ್ಟೇ ಹೇಳುವುದು, ಕಾಣದಿದ್ದನ್ನು ಕಾಣಲಿಲ್ಲ ಎನ್ನುವುದು ನನಗೆ ರೂಢಿ. ಆ ದಿನ ನಾನು ಕಾಣದೇ ಹೋದದ್ದೇ ಹೆಚ್ಚು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸಂಗತಿ ಶುರುವಾದದ್ದು ವಿಜಯಪುರದಲ್ಲಿ, ಅಥಣಿ ರಸ್ತೆಯ ನಮ್ಮ ಮನೆಗೆ ಕಮಲಾ ಮಾಡಿದ ಫೋನಿನಿಂದ. ಹಣ್ಣು ಕೊಯ್ಲಿಗೆ ಬಂದಿತ್ತು. ಆದರೆ ಕೊಯ್ಯುವ ಹೆಂಗಸರು ತೋಟದ ಬೇಲಿಯ ಹತ್ತಿರವೂ ಬರುತ್ತಿರಲಿಲ್ಲ. "ಅಣ್ಣಾ, ಯಾವುದೋ ಪ್ರಾಣಿ ಬಂದೈತಿ. ತ್ವಾಟದ ನಾಯಿ ಹೋತು, ಕುರಿ ಕಾಯೂ ನೀಲವ್ವನ ಮರಿ ಒಂದ ಹೋತು. ಕೂಸಿನ ಜೋಳಿಗಿ ಎಲ್ಲಿ ಕಟ್ಟೂಣು ಅಂತ ಕೇಳತಾರ. ನಾ ಏನ್ ಹೇಳಲಿ?" ಎಂದಳು. ಆ ಹೆಂಗಸರು ತಮ್ಮ ಎಳೆಗೂಸುಗಳನ್ನು ಚಪ್ಪರದ ಕಂಬಕ್ಕೆ ಬಟ್ಟೆಯ ಜೋಳಿಗೆ ಕಟ್ಟಿ, ಅದರಲ್ಲಿ ಮಲಗಿಸಿ ಕೆಲಸ ಮಾಡುವವರು. ನೆಲದಿಂದ ಎರಡೇ ಅಡಿ ಎತ್ತರದಲ್ಲಿ ತೂಗುವ ಕೂಸು. ಅರಣ್ಯ ಇಲಾಖೆಯವರು ಬಂದು ನೋಡಿದ್ದರು. ಹೆಜ್ಜೆಗಳ ಮೇಲೆ ಟ್ರ್ಯಾಕ್ಟರ್ ಓಡಿಹೋಗಿತ್ತು. ತೋಳವೋ, ಕತ್ತೆಕಿರುಬವೋ, ಚಿರತೆಯೋ ಹೇಳುವಂತಿರಲಿಲ್ಲ. "ಒಂದು ಫೋಟೋ ಕೊಡ್ರಿ, ಇಲ್ಲಾ ಖಾತ್ರಿಯಾಗಿ ನೋಡಿದವರು ಒಬ್ಬರು ಬರದು ಕೊಡ್ರಿ. ಮರುದಿನಾನೇ ಬೋನು ತರ್ತೀವಿ" ಎಂದು ಹೇಳಿ ಹೋಗಿದ್ದರು. "ಖಾತ್ರಿ ಅಂದ್ರ ನಿನ್ನ ಬಿಟ್ಟರ ಯಾರದಾರ ಅಣ್ಣಾ?" ಎಂದಳು ಕಮಲಾ. ಮನುಷ್ಯನನ್ನು ಹಾಳುಮಾಡುವುದಕ್ಕೆ ಇಂಥ ಒಂದು ಮಾತು ಸಾಕು.

ನಾನು ಯೋಜನೆ ಹಾಕಲು ಕುಳಿತೆ. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಹೊರದೇಶದ ಯಾವುದೋ ಚಿರತೆ ಬೇಟೆಯ ಸಫಾರಿಯವರ ಬರಹ. ಒಳ್ಳೆಯ ಮಾರ್ಗದರ್ಶಕನನ್ನು ಆರಿಸುವುದು ಹೇಗೆ, ಅವನಿಗೆ ಕೇಳಬೇಕಾದ ಪ್ರಶ್ನೆಗಳು ಯಾವುವು, ಎಂಥ ಬೂಟು, ಎಂಥ ಟೋಪಿ, ಎಲ್ಲ ಇತ್ತು. ನಮ್ಮಲ್ಲಿ ಚಿರತೆಯನ್ನು ಬೇಟೆಯಾಡುವುದು ಅಪರಾಧ, ಹಾಗಿರುವುದೇ ಸರಿ. ಆದ್ದರಿಂದ ನಾನು ಬೇಟೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಟ್ಟುಕೊಂಡೆ. ಬಂದೂಕಿನ ಜಾಗದಲ್ಲಿ ಮೊಬೈಲು. ತೋಟದ ನಕಾಶೆಯನ್ನು ಅಳತೆಗೆ ಸರಿಯಾಗಿ ಬರೆದು, ಗಾಳಿಯ ದಿಕ್ಕಿಗೆ ಬಾಣ ಹಾಕಿ, ಸಾಲುಗಳಿಗೆ ನಂಬರು ಕೊಟ್ಟೆ. ಸಿದ್ಧೇಶ್ವರ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಹಸಿರು ಟೋಪಿ ಹುಡುಕಿದೆ. ಚಿಕ್ಕವನಿದ್ದಾಗ ಅಲ್ಲೇ ಒಂದು ಓಣಿಯ ಫೋಟೋ ಸ್ಟುಡಿಯೋದಲ್ಲಿ ಗಾರೆಯ ಹುಲಿಯೊಂದಿತ್ತು. ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಮ್ಮಪ್ಪ ನನ್ನನ್ನು ಮೂರು ಸಲ ಕೂರಿಸಿದರು, ಮೂರು ಸಲವೂ ನಾನು ಕಿರುಚಿದೆ. ಕೊನೆಗೆ ಹುಲಿಯ ಮೇಲೆ ಕಮಲಾ ನಗುತ್ತ ಕುಳಿತ ಫೋಟೋ ಮನೆಗೆ ಬಂತು. ಆ ಲೆಕ್ಕವನ್ನು ಈಗ ಸರಿಮಾಡಿಕೊಳ್ಳುವ ಆಸೆ ಒಳಗೆಲ್ಲೋ ಇತ್ತೆಂದು ಕಾಣುತ್ತದೆ. ನನ್ನ ಹೆಂಡತಿ ಗಿರಿಜೆ ಟೋಪಿಯನ್ನು ತಿರುಗಿಸಿ ನೋಡಿ, "ಅಡಿಗಿಮನ್ಯಾಗ ಹಲ್ಲಿ ಬಂದ್ರ ನನ್ನ ಕೂಗಿ ಕರೀತೀರಿ. ಚಿರತಿ ಹುಡಕಾಕ ಒಬ್ರ ಹೊಂಟೀರೇನು?" ಎಂದಳು. ಒಬ್ಬನೇ ಅಲ್ಲ, ನುರಿತ ಮಾರ್ಗದರ್ಶಕನೊಡನೆ ಎಂದೆ. "ಆ ಪುಣ್ಯಾತ್ಮ ಯಾರ್ರೀ?" ಎಂದಳು. ಅದನ್ನೇ ಇನ್ನೂ ಆರಿಸಬೇಕಿತ್ತು.

ತಿಕೋಟಾಕ್ಕೆ ಹೋಗಿ, ಕಮಲಾಳ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಇಬ್ಬರ ಸಂದರ್ಶನ ಮಾಡಿದೆ. ಮೊದಲನೆಯವನು ರಾಚಪ್ಪ. ಬಬಲೇಶ್ವರದಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟವನು. ನನ್ನಷ್ಟೇ ಎತ್ತರ, ಅಂದರೆ ಆರಡಿ. ಕೊರಳಲ್ಲಿ ದುರ್ಬೀನು, ತಲೆಯ ಮೇಲೆ ನನ್ನದಕ್ಕಿಂತ ದೊಡ್ಡ ಟೋಪಿ. "ಚಿರತಿ ಅಂದ್ರ ಮನಸ್ಸಿನ ಆಟ್ರಿ ಸರ. ಅದರ ಕಣ್ಣಾಗ ಕಣ್ಣಿಟ್ಟು ನೋಡಬೇಕು. ನಾ ದಾಂಡೇಲ್ಯಾಗ ಏಳು ಚಿರತಿ ನೋಡೇನಿ" ಎಂದ. ಎಷ್ಟು ದೂರದಿಂದ ಎಂದು ಕೇಳಿದೆ. "ಜೀಪಿನಿಂದ್ರಿ" ಎಂದ. ಹಿಂದೆ ಇವನ ಜೊತೆ ಹೋದವರನ್ನು ವಿಚಾರಿಸಬೇಕು ಎಂದು ಆ ಬರಹದಲ್ಲಿತ್ತು. ಅವನು ಕೊಟ್ಟ ನಂಬರಿಗೆ ಫೋನು ಮಾಡಿದೆ. "ರಾಚಪ್ಪಣ್ಣನ ಜೋಡಿ ಹೋದ್ರ ಊಟದ ವ್ಯವಸ್ಥಾ ಭಾಳ ಚಲೋ ಇರ್ತೈತ್ರಿ" ಎಂದು ಆ ಮನುಷ್ಯ ಮನಸಾರೆ ಹೊಗಳಿದ. ಪ್ರಾಣಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯವಳು ನೀಲವ್ವ. ತೋಟದ ಸುತ್ತಲಿನ ಬಯಲಿನಲ್ಲಿ ಕುರಿ ಮೇಯಿಸುವವಳು, ನನ್ನ ಸರೀಕಳು. ನನ್ನ ಎದೆಯವರೆಗೂ ಬಾರದಷ್ಟು ಗಿಡ್ಡ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಕುಡಗೋಲು. ಕುರ್ಚಿಯಲ್ಲಿ ಕೂರು ಎಂದರೆ ಹೊಸ್ತಿಲಲ್ಲಿ ಕೂತಳು. ಎಷ್ಟು ಚಿರತೆ ನೋಡಿದ್ದೀ ಎಂದು ಕೇಳಿದೆ. "ನಾ ನೋಡಿದ್ದು ಎರಡ್ರಿ. ಅವು ನನ್ನ ಎಷ್ಟು ಸಲ ನೋಡ್ಯಾವೋ ಅದನ್ನ ಹೆಂಗ ಹೇಳಲಿ?" ಎಂದಳು. ಹಿಂದೆ ನಿನ್ನನ್ನು ನಂಬಿ ಬಂದವರು ಯಾರು, ವಿಚಾರಿಸಬೇಕು ಎಂದೆ. "ಎಂಬತ್ತ ಕುರಿ ಅದಾವ ಸಾಹೇಬ್ರ. ಕೇಳ್ರಿ" ಎಂದಳು. ಕಮಲಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ನಾನು ಕಾಗದದಲ್ಲಿ ಬರೆದುಕೊಂಡದ್ದು ಇದು: "ಎತ್ತರ ಸಾಲದು. ಅಷ್ಟು ಕೆಳಗಿನಿಂದ ಏನು ಕಂಡೀತು?" ರಾಚಪ್ಪನನ್ನು ಆರಿಸಿದೆ. ನೀಲವ್ವನಿಗೆ ಬೇಸರವೇನೂ ಆಗಲಿಲ್ಲ. "ಆತ್ ತಗೋರಿ. ನನ್ನ ಕುರಿ ಅಲ್ಲೇ ಮೇಯತಾವ, ನಾ ಅಲ್ಲೇ ಇರ್ತೀನಿ" ಎಂದು ಎದ್ದು ಹೋದಳು.

ಇಲ್ಲಿ ಕಮಲಾಳ ಚಪ್ಪರದ ಬಗ್ಗೆ ಒಂದು ಮಾತು ಹೇಳಬೇಕು. ಈಗ ಎಲ್ಲರೂ ಬಳ್ಳಿಯನ್ನು ಬೇರೆ ನಮೂನೆಯಲ್ಲಿ ಕಟ್ಟುತ್ತಾರೆ. ಅವಳದು ಹಳೆಯ ಚಪ್ಪರ, ಕಬ್ಬಿಣದ ಕಂಬಗಳ ಮೇಲೆ ತಂತಿ ಹೆಣೆದು, ತೋಟದ ತುಂಬ ಒಂದೇ ಹಸಿರು ಮಾಡು. ಅದನ್ನು ಹಾಕಿಸುವಾಗ ಆರೂವರೆ ಅಡಿ ಇರಲಿ ಎಂದು ನಾನು ಹೇಳಿದ್ದೆ. ಅವಳು ನನ್ನ ಟೇಪನ್ನು ಪಕ್ಕಕ್ಕಿಟ್ಟು, ಕೊಯ್ಯುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಅವರ ಕೈಗೆ ಗೊಂಚಲು ಸಿಗುವ ಎತ್ತರಕ್ಕೆ ತಂತಿ ಎಳೆಸಿದಳು. ಐದಡಿ ಮೂರು ಇಂಚು. ಸರ್ಕಾರಿ ಅಳತೆಯಲ್ಲ ಇದು ಎಂದು ನಾನು ತಕರಾರು ಮಾಡಿದಾಗ, "ಹಣ್ಣು ಹರಿಯಾಕ ನೀ ಬರ್ತೀಯೇನಣ್ಣಾ?" ಎಂದಿದ್ದಳು. ಹೀಗಾಗಿ ಆ ಚಪ್ಪರದಡಿ ಹೆಂಗಸರು ನೆಟ್ಟಗೆ ನಡೆಯುತ್ತಾರೆ. ನಾನು, ರಾಚಪ್ಪ ನಡೆಯಬೇಕಾದರೆ ಸೊಂಟ ಮುರಿದು, ಕೈ ಮೊಣಕಾಲಿಗೆ ಕೊಟ್ಟು, ಮುಖ ಮುಂದೆ ಚಾಚಿ ನಡೆಯಬೇಕು. ದೂರದಿಂದ ನೋಡಿದವರಿಗೆ ಎರಡು ದೊಡ್ಡ ಆಡು ಹೋದ ಹಾಗೆ ಕಾಣುತ್ತದೆ. ದೂರದಿಂದ ನೋಡುತ್ತಿದ್ದದ್ದು ಯಾರು ಎಂಬುದು ಆಮೇಲೆ ಗೊತ್ತಾಯಿತು.

ಮೇಲೆ ಹೇಳಿದ ಸಮಯಕ್ಕೆ, ಮೇಲೆ ಹೇಳಿದ ಜಾಗದಲ್ಲಿ, ಮುಂದೆ ನಡೆಯುತ್ತಿದ್ದ ರಾಚಪ್ಪ ನಿಂತ. ಅವನ ಪಕ್ಕದಿಂದ ನಾನು ನೋಡಿದೆ. ಅದೇ ಸಾಲಿನಲ್ಲಿ, ಎರಡು ಕಂಬಗಳ ನಡುವೆ, ಒಂದು ಚಿರತೆ ಕುಳಿತಿತ್ತು. ಇಪ್ಪತ್ತೆರಡು ಅಡಿ ದೂರ ಎಂದು ಆಗ ಅಂದುಕೊಂಡೆ. ಆಮೇಲೆ ಟೇಪು ಹಿಡಿದಾಗ ಇಪ್ಪತ್ತೊಂದು ಅಡಿ ಎಂಟು ಇಂಚು ಬಂತು. ಮೈತುಂಬ ಹೂವಿನಂಥ ಕಪ್ಪು ಮಚ್ಚೆ, ನೆಲದ ಮೇಲೆ ಬಾಲ, ಬಾಲದ ತುದಿ ಮಾತ್ರ ಆಡುತ್ತಿತ್ತು. ಅದು ನಮ್ಮನ್ನು ನೋಡುತ್ತಿದ್ದ ರೀತಿಯಲ್ಲಿ ಸಿಟ್ಟಿರಲಿಲ್ಲ, ಆಸಕ್ತಿ ಇತ್ತು. ಆ ಆಸಕ್ತಿಯಿಂದಲೇ ನನಗೆ ಹೆಚ್ಚು ಭಯವಾದದ್ದು. ಚಿರತೆಯ ಕಣ್ಣಲ್ಲಿ ಕಣ್ಣಿಡಬೇಕು ಎಂದಿದ್ದ ರಾಚಪ್ಪ ಸರಕ್ಕನೆ ತಿರುಗಿ, ನನ್ನನ್ನು ದಾಟಿ, ಬಗ್ಗಿದ ಮೈಯಲ್ಲೇ ಓಡಿದ. ಚಿರತೆ ಎದ್ದು ನಿಂತಿತು.

ಆಗ ಹಿಂದಿನಿಂದ ಕೂಗು ಬಂತು. "ಓಡಬ್ಯಾಡೋ ರಾಚ್ಯಾ! ನಿಲ್ಲಲೇ!" ನೀಲವ್ವ. ನಾವು ಬಗ್ಗಿಕೊಂಡು ಒಳಗೆ ಹೋದದ್ದನ್ನು ಬಯಲಿನಿಂದ ಕಂಡು, ಕುರಿಗಳನ್ನು ತನ್ನ ನಾಯಿಗೆ ಒಪ್ಪಿಸಿ ಹಿಂದೆಯೇ ಬಂದಿದ್ದಳಂತೆ. ರಾಚಪ್ಪನ ಟೋಪಿ ತಂತಿಗೆ ಸಿಕ್ಕಿ, ಟೋಪಿಯ ಹಗ್ಗ ಗದ್ದಕ್ಕೆ ಸಿಕ್ಕಿ, ಅವನು ತಾನಾಗಿಯೇ ನಿಂತ. ನಾನು ಅಷ್ಟರಲ್ಲಿ ಕುಕ್ಕರುಗಾಲಿನಲ್ಲಿ ಕೂರತೊಡಗಿದ್ದೆ.

"ಸಾಹೇಬ್ರ, ಕುಂದರಬ್ಯಾಡ್ರಿ! ಕುಂತ್ರ ಕುರಿ ಅಂತ ತಿಳೀತೈತಿ. ನೆಟ್ಟಗ ನಿಂದರ್ರಿ!"

"ಮ್ಯಾಲ ತಂತಿ ಐತಿ ನೀಲವ್ವಾ!"

"ಸಂದ್ಯಾಗ ತಲಿ ತೂರಸ್ರಿ ಯಪ್ಪಾ!"

ತೂರಿಸಿದೆ. ಎಲೆ, ಬಳ್ಳಿ, ಎರಡು ಗೊಂಚಲು ಹಣ್ಣು ಎಲ್ಲವನ್ನೂ ಸೀಳಿಕೊಂಡು ನನ್ನ ತಲೆ ಚಪ್ಪರದ ಮೇಲೆ ಬಂತು. ಇನ್ನು ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಗದ್ದದ ಮಟ್ಟಕ್ಕೆ ದಿಗಂತದವರೆಗೆ ಹಾಸಿದ ಹಸಿರು ಎಲೆ. ಎಳೆಬಿಸಿಲು. ಉತ್ತರಕ್ಕೆ ಒಂದು ನೀರಿನ ಟಾಕಿ. ನನ್ನ ಮೂಗಿನಿಂದ ಒಂದೂವರೆ ಅಡಿ ದೂರದಲ್ಲಿ ದ್ರಾಕ್ಷಿ ಕುಕ್ಕುತ್ತಿದ್ದ ಒಂದು ಗುಬ್ಬಿ, ಅದು ತಲೆ ಓರೆ ಮಾಡಿ ನನ್ನನ್ನು ನೋಡಿ ಮತ್ತೆ ಕುಕ್ಕತೊಡಗಿತು. ಬಹಳ ಸುಂದರವಾದ ಬೆಳಗು. ಕೊರಳಿನಿಂದ ಕೆಳಗಿನ ನನ್ನ ಎಲ್ಲ ಭಾಗಗಳು ಬೇರೊಂದು ಲೋಕದಲ್ಲಿ, ಚಿರತೆಯೊಡನೆ ಇದ್ದವು. ಅಲ್ಲಿಂದ ನೀಲವ್ವನ ದನಿ ಕೇಳುತ್ತಿತ್ತು. ಬಾಗಿಲಿಗೆ ಬಂದ ನೆಂಟನಿಗೆ ಹೇಳುವ ಹಾಗೆ ಹೇಳುತ್ತಿದ್ದಳು: "ಹೋಗಪಾ, ಹೋಗು. ನಿಂದೇನೈತಿ ಇಲ್ಲಿ? ಇವರು ಮುದುಕರದಾರ, ಬರೇ ಎಲುವು. ಹೋಗು ನನ್ನಪ್ಪಾ." ನಾನು ಉಸಿರು ಎಣಿಸಿದೆ, ನಲವತ್ತು. ತನ್ನದು ಹತ್ತೂ ಆಗಿರಲಿಲ್ಲ ಎಂದು ನೀಲವ್ವ ಆಮೇಲೆ ಹೇಳಿದಳು. ಉಸಿರು ಯಾವ ವೇಗದಲ್ಲಿತ್ತು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಹೋತ್ರಿ. ತಲಿ ಕೆಳಗ ತಗೋರಿ" ಎಂದಳು. ತಲೆ ಬರಲಿಲ್ಲ. ಹೋಗುವಾಗ ಹೋದ ಕಿವಿಗಳು ಬರುವಾಗ ತಂತಿಗೆ ಸಿಕ್ಕಿಕೊಂಡವು. ಆಕೆ ಕುಡಗೋಲಿನಿಂದ ಬಳ್ಳಿ ಕೊಯ್ದು, ತಂತಿ ಹಿಗ್ಗಿಸಿ, ಕುರಿಮರಿಯನ್ನು ಬೇಲಿಯಿಂದ ಬಿಡಿಸುವ ನಾಜೂಕಿನಿಂದ ನನ್ನನ್ನು ಬಿಡಿಸಿದಳು. ನನ್ನ ತಲೆ ಚಪ್ಪರದ ಮೇಲಿದ್ದಾಗ ಆಕೆ ಕಂಬಳಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹರಡಿ ಹಿಡಿದು, ನೆಟ್ಟಗೆ, ಒಂದೊಂದೇ ಹೆಜ್ಜೆ ಮುಂದಿಡುತ್ತ ನನ್ನ ಮುಂದೆ ಬಂದು ನಿಂತಿದ್ದಳೆಂದು ಓರೆಗಣ್ಣಿನಿಂದ ಕಂಡ ರಾಚಪ್ಪ ಹೇಳಿದ. ಆರಡಿಯ ಇಬ್ಬರು ಗಂಡಸರು ಎದ್ದು ನಿಲ್ಲಲಾಗದ ಜಾಗದಲ್ಲಿ ಎದ್ದು ನಿಲ್ಲಬಲ್ಲವಳು ಆಕೆಯೊಬ್ಬಳೇ ಆಗಿದ್ದಳು.

ಮೊಬೈಲಿನಲ್ಲಿ ಒಂದು ಫೋಟೋ ಬಂದಿತ್ತು, ನನ್ನ ಎಡಗಾಲಿನ ಬೂಟಿನದು. ಹೀಗಾಗಿ ಬರೆದುಕೊಡುವುದೇ ಉಳಿಯಿತು. ಮಧ್ಯಾಹ್ನ ಬಂದ ಅರಣ್ಯಾಧಿಕಾರಿ ಕಾಗದ ಬಿಡಿಸಿ, "ಹೇಳ್ರಿ ಸರ" ಎಂದು ನನ್ನ ಕಡೆ ತಿರುಗಿದರು. ಎಷ್ಟೋ ಹೊಲ ಅಳೆಯುವಾಗ ಸಾಕ್ಷಿಗೆಂದು ಬಿಳಿ ಧೋತರದವರನ್ನೇ ಕರೆದು ಕೂರಿಸಿದ್ದೇನೆ. ಬದುವಿನ ಮೇಲೆ ದಿನವೂ ನಡೆದಾಡುವ ಒಬ್ಬ ಕುರಿ ಕಾಯುವವಳನ್ನು ಒಂದು ಸಲವೂ ಕೇಳಿರಲಿಲ್ಲ. "ಮೊದಲು ನೀಲವ್ವಂದು ಬರಕೋರಿ. ಪೂರಾ ನೋಡಿದಾಕಿ ಆಕಿ" ಎಂದೆ. ಆಕೆ ಹೇಳಿದಳು: ಗಂಡು ಚಿರತೆ, ಹರೆಯದ್ದು, ಎಡಗಿವಿ ಸೀಳಿದೆ, ಹಿಂದಿನ ಬಲಗಾಲು ತುಸು ಎಳೆಯುತ್ತದೆ, ಹೋದದ್ದು ಹಳ್ಳದ ಕಡೆಗೆ. ನಾನು ಕಿವಿಯನ್ನೂ ಕಂಡಿರಲಿಲ್ಲ, ಕಾಲನ್ನೂ ಕಂಡಿರಲಿಲ್ಲ. ಅವಳ ಹೆಬ್ಬೆಟ್ಟಿನ ಕೆಳಗೆ ನನ್ನ ಸಹಿ ಮಾಡಿದೆ. ನನ್ನ ನೌಕರಿಯಲ್ಲಿ ಅಷ್ಟು ನೆಮ್ಮದಿಯಿಂದ ಯಾವ ಕಾಗದಕ್ಕೂ ಸಹಿ ಮಾಡಿದ ನೆನಪಿಲ್ಲ.

ಬೋನು ಮರುದಿನವೇ ಬಂತು. ಹಳ್ಳದ ಕಡೆ ಇಟ್ಟರು. ಐದನೆಯ ದಿನ ಬಿದ್ದ ಚಿರತೆಯ ಎಡಗಿವಿ ಸೀಳಿತ್ತು. ಅದನ್ನು ದೂರದ ಕಾಡಿಗೆ ಒಯ್ದರು. ಅದರ ಮರುಬೆಳಿಗ್ಗೆ ಹೆಂಗಸರು ಬಂದರು, ನೀಲವ್ವ ಒಮ್ಮೆ ಎಲ್ಲ ಸಾಲು ಅಡ್ಡಾಡಿ ಬಂದ ಮೇಲೆ ಒಳಗೆ ಕಾಲಿಟ್ಟರು. ಹನ್ನೊಂದನೆಯ ಸಾಲಿನಲ್ಲಿ ಮೂರು ಜೋಳಿಗೆ ತೂಗುವುದನ್ನು ನಾನು ನೋಡಿದೆ. ಒಂದು ಕೂಸು ಕಾಲು ಹೊರಗೆ ಹಾಕಿಕೊಂಡು ಮಲಗಿತ್ತು.

ಗಿರಿಜೆ ತಾನೇ ಆರಿಸಿದ ಒಂದು ಇಳಕಲ್ ಸೀರೆ ಕೊಟ್ಟು ಕಳಿಸಿದಳು. ನಾನು ಒಯ್ದು ನೀಲವ್ವನ ಕೈಯಲ್ಲಿಟ್ಟೆ.

"ಇದ್ಯಾಕ್ರಿ ಸಾಹೇಬ್ರ?"

"ನನ್ನ ಜೀವಾ ಉಳಿಸಿದಿ, ಅದಕ್ಕ."

"ಜೀವಾ ಉಳಿಸಿದ್ದು ಚಿರತಿರಿ. ಅದಕ್ಕ ಹಸಿವಿದ್ದಿಲ್ಲ" ಎಂದಳು. ಸೀರೆಯ ಸೆರಗು ಬಿಡಿಸಿ ನೋಡಿದಳು. "ಆದರೂ ಅದು ಸೀರಿ ಉಡೂದಿಲ್ಲ. ನಂಗ ಇರಲಿ."

ಆ ಬೆಳಿಗ್ಗೆ ಅಲ್ಲಿದ್ದವರು ಎಲ್ಲರೂ ಬದುಕಿದ್ದಾರೆ, ಯಾರನ್ನು ಬೇಕಾದರೂ ವಿಚಾರಿಸಬಹುದು. ರಾಚಪ್ಪ ಬಬಲೇಶ್ವರದ ಅಂಗಡಿಯಲ್ಲಿ ಸಿಗುತ್ತಾನೆ. ಆದರೆ ಟೋಪಿಯ ಹಗ್ಗದಿಂದಾಗಿ ಅವನ ಮುಖ ಒಂದೇ ಕಡೆಗಿತ್ತು, ಅದನ್ನು ಗಮನದಲ್ಲಿಟ್ಟು ಕೇಳಬೇಕು. ಚಿರತೆ ಕಾಡಿನಲ್ಲಿ ಕ್ಷೇಮವಾಗಿದೆ ಎಂದು ಇಲಾಖೆಯವರು ಹೇಳಿದ್ದಾರೆ. ಮೊದಲಿನಿಂದ ಕೊನೆಯವರೆಗೆ ಕಣ್ಣು ಮುಚ್ಚದೆ ನೋಡಿದವಳು ನೀಲವ್ವ. ತೋಟದ ಪಶ್ಚಿಮದ ಬಯಲಿನಲ್ಲಿ ದಿನಾ ಸಿಗುತ್ತಾಳೆ. ನನ್ನ ಮಾತು ನಿಜವೋ ಸುಳ್ಳೋ ಆಕೆಯನ್ನು ಅಗತ್ಯವಾಗಿ ಕೇಳಿ. ಆದರೆ ಚಪ್ಪರದ ಕೆಳಗಿದ್ದ ನನ್ನ ಕಾಲುಗಳು ಹೇಗಿದ್ದವು ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಆಕೆ ಸುಳ್ಳು ಹೇಳುವವಳಲ್ಲ.