ಸಾಹೇಬರ ಹೆಸರಿನ ರೋಬೋಗೆ ಹೊಡೆಯದಿರುವ ಬಗ್ಗೆ

ಶಾಖಾ ಕಚೇರಿ, ಸರಗೂರು
ಹೆಗ್ಗಡದೇವನಕೋಟೆ ತಾಲ್ಲೂಕು

ಸಂಖ್ಯೆ: ಸಶಾಕ/ಸಿಬ್ಬಂದಿ/ರೋಬೋ/2004-05
ದಿನಾಂಕ: 8 ನವೆಂಬರ್ 2004

ಸುತ್ತೋಲೆ

ವಿಷಯ: ಕಚೇರಿಯ ಗಣಕಯಂತ್ರದ ಆಟದಲ್ಲಿ ಹೊಡೆದಾಟದ ರೋಬೋಗಳನ್ನು ಕಟ್ಟುವುದು, ಸಿಂಗರಿಸುವುದು ಹಾಗೂ ಸೋಲಿಸದಿರುವ ಕುರಿತು.

ಉಲ್ಲೇಖ: 1. ಗಣಕಯಂತ್ರವನ್ನು ಕಡತದ ಕೆಲಸಕ್ಕೆ ಮಾತ್ರ ಬಳಸತಕ್ಕದ್ದೆಂಬ ಹಿಂದಿನ ಸುತ್ತೋಲೆ (ಹುಡುಕಲಾಗುತ್ತಿದೆ).
2. ಕಳೆದ ಶುಕ್ರವಾರ ಊಟದ ವೇಳೆಯಲ್ಲಿ ಜರುಗಿದ ಅಹಿತಕರ ಘಟನೆ.

ಈ ಕಚೇರಿಗೆ ಗಣಕಯಂತ್ರ ಬಂದು ವರ್ಷ ಕಳೆದರೂ ಅದರಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಂದಿರುವುದಿಲ್ಲ. ಯಂತ್ರ ಸುಮ್ಮನೆ ಕೂತು ಕೆಡಬಾರದೆಂಬ ಸಾರ್ವಜನಿಕ ಹಿತದೃಷ್ಟಿಯಿಂದ ಸಿಬ್ಬಂದಿಯವರು ಅದರಲ್ಲಿ ರೋಬೋ ಹೊಡೆದಾಟದ ಆಟವನ್ನು ಆಡಿಕೊಂಡು ಬಂದಿರುತ್ತಾರೆ. ಕೈ, ಕಾಲು, ತಲೆ, ಕವಚಗಳನ್ನು ಆರಿಸಿ ಜೋಡಿಸಿ, ಬಣ್ಣ ಬಳಿದು, ಹೆಸರಿಟ್ಟು, ಒಂದರ ಮೇಲೊಂದನ್ನು ಬಿಡುವುದೇ ಸದರಿ ಆಟ. ಪ್ರಥಮ ದರ್ಜೆ ಸಹಾಯಕರಾದ ಶ್ರೀ ಉಮಾಶಂಕರ ಅವರು ತಾವು ಕಟ್ಟಿದ ರೋಬೋಗೆ, ಯಾರೂ ಕೇಳದಿದ್ದರೂ, ಶಾಖಾಧಿಕಾರಿಗಳಾದ ಶ್ರೀ ಷಣ್ಮುಖಪ್ಪನವರ ಹೆಸರಿಟ್ಟಿರುತ್ತಾರೆ. ಸಾಹೇಬರು ಬೇಡವೆನ್ನದೆ, ಅದನ್ನು ತಾವೇ ಆಡಿಸತೊಡಗಿದರು. ಅಂದಿನಿಂದ ಅದು ಆಟವಾಗಿ ಉಳಿದಿರುವುದಿಲ್ಲ.

ಬೆರಳಚ್ಚುಗಾರ್ತಿ ಶ್ರೀಮತಿ ಸುಕನ್ಯ ಅವರು ಕಟ್ಟಿದ ಎದುರಾಳಿ ರೋಬೋಗೆ, ಹುಣಸೂರಿನಲ್ಲಿ ಒಬ್ಬರೇ ಇರುವ ತಮ್ಮ ತಾಯಿ ರಾಮಮ್ಮನವರ ಹೆಸರಿರುತ್ತದೆ. ಆ ಊರಿಗೆ ವರ್ಗ ಕೋರಿ ಸದರಿಯವರು ಕೊಟ್ಟ ಅರ್ಜಿಗಳೆಲ್ಲ ಸಾಹೇಬರ ಮೇಜಿನ ಮೇಲೆ ಮಲಗಿರುವುದರಿಂದ, ರೋಬೋ ರಾಮಮ್ಮ ದಿನವೂ ರೋಬೋ ಷಣ್ಮುಖಪ್ಪನವರ ಕೈಲಿ ಪೆಟ್ಟು ತಿಂದು ಬೀಳುತ್ತಿದ್ದುದು ಆಡಳಿತಾತ್ಮಕವಾಗಿ ಸರಿಯಾಗಿಯೇ ಇತ್ತು.

ಶುಕ್ರವಾರ ಬೆಳಿಗ್ಗೆ, ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿರುವರೆಂದು ಸುದ್ದಿ ಬಂದು, ಸುಕನ್ಯ ಅವರು ಅರ್ಧ ದಿನ ರಜೆ ಕೇಳಿರುತ್ತಾರೆ. ಒಂದು ಆಟ ಆಡಿಬಿಟ್ಟು ಹೊರಡಬಹುದೆಂದು ಸಾಹೇಬರು ಉದಾರವಾಗಿ ಸೂಚಿಸಿರುತ್ತಾರೆ. ಊಟದ ವೇಳೆಗೆ ಆಟ ಆರಂಭವಾದೊಡನೆ ರೋಬೋ ರಾಮಮ್ಮ ಸುತ್ತಿಗೆ ಎತ್ತಿ ಒಂದೇ ಪೆಟ್ಟು ಹಾಕಿದ್ದು, ರೋಬೋ ಷಣ್ಮುಖಪ್ಪನವರ ತಲೆ ಪರದೆಯ ಮೂಲೆಗೆ ಉರುಳಿಹೋಗಿದೆ. ಅದರ ಮೇಲಿನ ಕೆಂಪು ದೀಪ ಮಾತ್ರ ಕರ್ತವ್ಯ ಬಿಡದೆ ಉರಿಯುತ್ತಲೇ ಇತ್ತು. ಕಿಟಕಿಯ ಹೊರಗೆ ಪ್ರಮಾಣಪತ್ರಕ್ಕಾಗಿ ಬೆಳಿಗ್ಗೆಯಿಂದ ನಿಂತಿದ್ದ ಸಾರ್ವಜನಿಕರು ಚಪ್ಪಾಳೆ ತಟ್ಟಿರುವುದು ವಿಷಾದನೀಯ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ನಿಯಮಗಳನ್ನು ರೂಪಿಸಿ, ಚಾಚೂ ತಪ್ಪದೆ ಪಾಲಿಸಲು ತಿಳಿಸಲಾಗಿದೆ.

1. ರೋಬೋದ ಬಿಡಿಭಾಗಗಳು ದರ್ಜೆಯನ್ನು ಅನುಸರಿಸತಕ್ಕದ್ದು. ಸುತ್ತಿಗೆ ಅಧಿಕಾರಿಗಳಿಗೆ, ಗರಗಸ ಪ್ರಥಮ ದರ್ಜೆಯವರಿಗೆ, ಇಕ್ಕಳ ದ್ವಿತೀಯ ದರ್ಜೆಯವರಿಗೆ. ಬೆರಳಚ್ಚುಗಾರರ ರೋಬೋಗೆ ಕೈ ಇರತಕ್ಕದ್ದಲ್ಲ.

2. ಸಿಬ್ಬಂದಿಯು ಭಕ್ತಿಯಿಂದ ಒಬ್ಬೊಬ್ಬರೂ ಒಂದೊಂದು ಕವಚ ಹೊದಿಸಿದ್ದರಿಂದ, ಸಾಹೇಬರ ರೋಬೋ ಕಾಲೆತ್ತಲು ಬ್ಯಾಟರಿ ಸಾಲದೆಂಬ ಗುಸುಗುಸು ಕೇಳಿಬಂದಿದೆ. ಅದನ್ನು ಗಾಂಭೀರ್ಯವೆಂದು ಓದಿಕೊಳ್ಳತಕ್ಕದ್ದು.

3. ಮೇಲಧಿಕಾರಿಗಳ ರೋಬೋಗೆ ಹೊಡೆಯಲು ಇಚ್ಛಿಸುವವರು ಸೂಕ್ತ ಮಾರ್ಗದ ಮೂಲಕ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವವರೆಗೆ ತಮ್ಮ ರೋಬೋ ಕೈಕಟ್ಟಿ ನಿಂತು ಪೆಟ್ಟು ತಿನ್ನತಕ್ಕದ್ದು. ಕೈ ಇಲ್ಲದವು ತಲೆ ತಗ್ಗಿಸಿದರೆ ಸಾಕು.

4. ಆಟದ ನಡುವೆ ಕರೆಂಟ್ ಹೋದಲ್ಲಿ ಸಾಹೇಬರು ಗೆದ್ದಂತೆ. ಸಾಹೇಬರು ಸೋಲುವಂತೆ ಕಂಡಲ್ಲಿ ಕರೆಂಟ್ ಹೋಗುವಂತೆ ನೋಡಿಕೊಳ್ಳುವುದು ಶ್ರೀ ಉಮಾಶಂಕರ ಅವರ ಜವಾಬ್ದಾರಿ.

5. ಆಯುಧಪೂಜೆಯಂದು ಮೌಸಿಗೆ ಹಚ್ಚಿದ ಕುಂಕುಮ ಅದರೊಳಗೆ ಉರುಳುವ ಉಂಡೆಗೆ ಸೇರಿ ಗಟ್ಟಿಯಾದದ್ದೇ ಶುಕ್ರವಾರದ ಸೋಲಿಗೆ ಕಾರಣವೆಂದು ವಿಚಾರಣೆಯಲ್ಲಿ ಸಾಬೀತಾಗಿದೆ. ಅದೇ ಮೌಸನ್ನು ಸಾಹೇಬರೂ ಸುಕನ್ಯ ಅವರೂ ಸರದಿಯಲ್ಲಿ ಬಳಸಿದ್ದರೆಂಬ ಅಂಶವನ್ನು ವಿಚಾರಣೆಯಿಂದ ಕೈಬಿಡಲಾಗಿದೆ.

6. ತಲೆ ಹೋಗಿರುವುದು ರೋಬೋ ಷಣ್ಮುಖಪ್ಪನವರದು. ಮಾನವ ಷಣ್ಮುಖಪ್ಪನವರ ತಲೆ ಸ್ವಸ್ಥಾನದಲ್ಲಿದ್ದು, ಅವರ ಸಹಿ ಎಂದಿನಂತೆ ಊರ್ಜಿತ. ಈ ಬಗ್ಗೆ ಹ್ಯಾಂಡ್ ಪೋಸ್ಟ್ ಎಂಬ ಊರಿನಿಂದ ಎನ್. ಬೇಗೂರಿನವರೆಗೆ ಹಬ್ಬಿರುವ ಸುದ್ದಿಗೆ ಸಾರ್ವಜನಿಕರು ಕಿವಿಗೊಡಬಾರದು.

7. ಕಾರಣ ಕೇಳಲಾಗಿ ಶ್ರೀಮತಿ ಸುಕನ್ಯ ಅವರು ನೀಡಿದ ಹೇಳಿಕೆಯನ್ನು ಯಥಾವತ್ತು ದಾಖಲಿಸಲಾಗಿದೆ: “ದಿನಾ ನಮ್ಮವ್ವನ್ನ ಕೆಡವಿಸ್ಕಂಡು ಕುಂತಿದ್ದೆ ಸಾರ್. ಅವತ್ತು ಅವ್ವ ನಿಜವಾಗ್ಲೂ ಬಿದ್ದಿತ್ತು. ಇನ್ನೊಂದ್ ಸಲ ಬೀಳ್ಸಕೆ ಕೈ ಬರ್ನಿಲ್ಲ.” ಹೇಳಿಕೆಯಲ್ಲಿ ಕ್ಷಮೆ ಕೋರಿರುವ ಸಾಲು ಕಂಡುಬಾರದ ಕಾರಣ ಅದನ್ನು ಒಪ್ಪಲಾಗಿಲ್ಲ.

8. ಸದರಿಯವರ ಕೈಗೆ ಇನ್ನೆಂದೂ ಗಣಕಯಂತ್ರ ಸಿಗಬಾರದೆಂಬ ಉದ್ದೇಶದಿಂದ, ಯಂತ್ರವೇ ಇಲ್ಲದ ಕಚೇರಿಗೆ ಅವರನ್ನು ಎಸೆಯಲು ಸಾಹೇಬರು ತೀರ್ಮಾನಿಸಿದರು. ವಿಚಾರಿಸಲಾಗಿ ಪಿರಿಯಾಪಟ್ಟಣದಲ್ಲಿ ಯಂತ್ರವಿದೆ, ಕೃಷ್ಣರಾಜನಗರದಲ್ಲಿಯೂ ಇದೆ. ಇಲ್ಲದಿರುವುದು ಹುಣಸೂರಿನ ಉಗ್ರಾಣದಲ್ಲಿ ಮಾತ್ರ. ಆದ್ದರಿಂದ ಶನಿವಾರವೇ ತಕ್ಷಣ ಜಾರಿಗೆ ಬರುವಂತೆ ಹುಣಸೂರಿಗೆ ವರ್ಗ ಮಾಡಿ ಕಠಿಣ ಶಿಕ್ಷೆ ವಿಧಿಸಲಾಗಿದೆ.

9. ಆದೇಶಕ್ಕೆ ಸಹಿಯಾದ ನಂತರ, ಅದೇ ಊರಿಗೆ ವರ್ಗ ಕೋರಿದ್ದ ಸುಕನ್ಯ ಅವರ ಅರ್ಜಿಗಳು ಆ ಕಾಗದದ ಅಡಿಯಲ್ಲೇ ಕಂಡುಬಂದಿವೆ. ಹೊರಡಿಸಿದ ಶಿಕ್ಷೆಯನ್ನು ಹಿಂಪಡೆದರೆ ಕಚೇರಿಯ ಘನತೆಗೆ ಕುಂದು. ಆದ್ದರಿಂದ ಶಿಕ್ಷೆಯನ್ನು ಎತ್ತಿಹಿಡಿದು, ಅರ್ಜಿಗಳನ್ನು ತಿರಸ್ಕರಿಸಲಾಗಿದೆ.

10. ಶಿಕ್ಷೆಯ ಆದೇಶ ಓದಿ ಸದರಿಯವರು ಮೊದಲು ನಕ್ಕು, ಆಮೇಲೆ ಅತ್ತಿರುತ್ತಾರೆ. ಇವೆರಡರಲ್ಲಿ ಯಾವುದನ್ನು ದಾಖಲಿಸಬೇಕೆಂದು ವಿವರಣೆ ಕೇಳಲು ಅಟೆಂಡರ್ ನಂಜಣ್ಣನವರನ್ನು ನೋಟಿಸಿನೊಂದಿಗೆ ಬಸ್ ನಿಲ್ದಾಣಕ್ಕೆ ಓಡಿಸಲಾಗಿದ್ದು, ಅವರು ಸುಕನ್ಯ ಅವರ ಬ್ಯಾಗನ್ನು ಬಸ್ಸಿಗೆ ಹತ್ತಿಸಿ, ನೋಟಿಸನ್ನು ಜೇಬಿನಲ್ಲೇ ವಾಪಸು ತಂದಿರುತ್ತಾರೆ.

ಸಹಿ/-
ಷಣ್ಮುಖಪ್ಪ, ಮಾನವ
ಶಾಖಾಧಿಕಾರಿ, ಸರಗೂರು

ಪ್ರತಿಗಳು:
1. ಶ್ರೀ ಉಮಾಶಂಕರ, ಪ್ರ.ದ.ಸ.: ಹೊಸ ತಲೆ ಜೋಡಿಸಲು.
2. ಶ್ರೀ ನಂಜಣ್ಣ, ಅಟೆಂಡರ್: ಬ್ಯಾಗು ಹೊತ್ತದ್ದೇಕೆಂದು ತಿಳಿಸಲು.
3. ಉಗ್ರಾಣ ಪಾಲಕರು, ಹುಣಸೂರು: ಗಣಕಯಂತ್ರ ತರಿಸದಿರಲು.
4. ರೋಬೋ ರಾಮಮ್ಮ: ಗೆದ್ದ ಜಾಗದಲ್ಲೇ ನಿಂತಿದ್ದು, ತೆಗೆಯಲು ಯಾರಿಗೂ ಬಾರದ ಕಾರಣ, ಮಾಹಿತಿಗಾಗಿ.
5. ಮಾನವ ರಾಮಮ್ಮ, ಹುಣಸೂರು: ಮಗಳು ಮನೆಯಲ್ಲಿದ್ದುಕೊಂಡು ಶಿಕ್ಷೆ ಅನುಭವಿಸುತ್ತಿರುವುದನ್ನು ಖಚಿತಪಡಿಸಿ ಹೆಬ್ಬೆಟ್ಟು ಒತ್ತಿ ಕಳುಹಿಸಲು.