ಜನರ ಮನಸ್ಸು ಅಳೆಯುವ ನೌಕರಿ

ಮನುಷ್ಯರನ್ನ ಅವರ ಬಗ್ಗೆಯೇ ಪ್ರಶ್ನೆ ಕೇಳುವ ಕೆಲಸ ಹಿಡಿದ ಮೇಲೆ ಇಂಥವು ಆಗ್ತಾನೇ ಇರುತ್ತವೆ. ಮೈಸೂರಿನಲ್ಲಿ ಮನಃಶಾಸ್ತ್ರ ಎಂ.ಎ. ಓದಿ ಬಂದವಳು ನಾನು. ಇಲ್ಲಿ ಪರದೇಶದಲ್ಲಿ ದೊಡ್ಡ ಪ್ರೊಫೆಸರುಗಳ ಸಂಶೋಧನೆಗೆ ಮನೆಮನೆ ಸುತ್ತಿ ಮಾಹಿತಿ ತರ್ತೀನಿ. ಕಾಂಟ್ರ್ಯಾಕ್ಟ್ ಮುಗಿದರೆ ಊರೂ ಬದಲು.

ಪರ್ತ್: ಭೇದಭಾವ

ವಲಸೆ ಬಂದವರಿಗೆ ಇಲ್ಲಿ ಅವಮಾನ ಆಗುತ್ತಾ ಅನ್ನೋದು ವಿಷಯ. ಕನ್ನಡದ ಆಂಟಿಯೊಬ್ಬರು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು ಕೂರಿಸಿಕೊಂಡರು. ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟು ಖಾಲಿಯಿದ್ದರೂ ಒಬ್ಬ ಹೆಂಗಸು ನಿಂತೇ ಬಂದಿದ್ದನ್ನ ಹೇಳ್ತಾ ಕಣ್ಣೊರೆಸಿಕೊಂಡರು.

"ಹುಟ್ಟು ನೋಡಿ ಮನುಷ್ಯರನ್ನ ಅಳೀಬಾರದಮ್ಮ. ನಮ್ಮನೇಲಿ ಅದೆಲ್ಲ ಇಲ್ಲವೇ ಇಲ್ಲ."

ಬರೆದುಕೊಂಡೆ.

"ಅಂದಹಾಗೆ, ನಿಮ್ಮ ಮನೆದೇವರು ಯಾವುದು?"

ಜಾತಿ ಕೇಳೋಕೆ ನಮ್ಮವರ ಮರ್ಯಾದಸ್ತ ದಾರಿ ಅದು. ಹೇಳಿದೆ. ಆಂಟಿ "ಇನ್ನೊಂಚೂರು ಕಾಫಿ ತರ್ತೀನಿ," ಅಂತ ಎದ್ದರು.

ಎರಡನೇ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು.

ಬ್ರಿಸ್ಬೇನ್: ನಂಬಿಕೆ

ಆಗ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಅನ್ನೋ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಎದುರುಮನೆಯಿಂದಲೇ ಶುರುಮಾಡೋಣ ಅಂತ ಬೆಲ್ ಒತ್ತಿದೆ. ಕ್ಯಾಮೆರಾ ಬೆಲ್ಲಿನೊಳಗಿಂದ ಆ ಮನೆಯ ಕನ್ನಡದ ಅಂಕಲ್ ದನಿ.

"ಅಂಕಲ್, ಅಕ್ಕಪಕ್ಕದವರನ್ನ ನಂಬ್ತೀರಾ?"

"ಕಣ್ಣು ಮುಚ್ಚಿ ನಂಬ್ತೀವಿ."

"ಹಾಗಾದ್ರೆ ಐದು ನಿಮಿಷ ಬಾಗಿಲು ತೆಗೀರಿ. ನಾನು ಎದುರುಮನೆಯವಳೇ."

ಕಿಟಕಿಯ ಪರದೆ ಅಲ್ಲಾಡಿತು.

"ಮನೇಲಿ ಯಾರೂ ಇಲ್ಲಮ್ಮ," ಅಂದರು ಅಂಕಲ್.

ಅಡಿಲೇಡ್: ಸಹಾಯ

ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ ನಾನು ಬೇಕಂತಲೇ ಬೀಳಬೇಕು. ಯಾರು ಬಂದು ಎತ್ತುತ್ತಾರೆ ಅಂತ ಸಹೋದ್ಯೋಗಿ ದೂರದಲ್ಲಿ ನಿಂತು ಬರೆದುಕೊಳ್ಳಬೇಕು. ಅವನು ಹತ್ತಿರ ಬರುವಂತಿಲ್ಲ.

ಎರಡು ದಿನ ಚೆನ್ನಾಗಿ ಬಿದ್ದೆ. ಜನ ಓಡಿ ಬಂದರು. ಒಬ್ಬ ಅಜ್ಜಿ ನೀರು ಕುಡಿಸಿ ತಲೆ ಸವರಿದರು. ಮೋಸ ಮಾಡ್ತಿದ್ದೀನಲ್ಲ ಅಂತ ಅವತ್ತು ಊಟ ಸೇರಲಿಲ್ಲ.

ಮೂರನೇ ದಿನ ನಾನು ನಟಿಸೋ ಮೊದಲೇ ಒದ್ದೆ ನೆಲದಲ್ಲಿ ನಿಜವಾಗಿ ಜಾರಿದೆ. ಕಾಲು ಲಟಕ್ಕೆಂದಿತು. "ಅಯ್ಯಮ್ಮಾ!" ಅಂತ ಕಿರುಚಿಕೊಂಡೆ. ಜನ ನನ್ನನ್ನು ಸುತ್ತು ಹಾಕಿಕೊಂಡು ಹೋದರು. ಒಬ್ಬಳು ಮಗುವನ್ನ ಆಚೆ ಎಳೆದುಕೊಂಡಳು. ಸಹೋದ್ಯೋಗಿಯ ಹೆಸರು ಹಿಡಿದು ಕೂಗಿದೆ. ಕಂಬದ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿ, ಬರೆಯೋದು ಮುಂದುವರಿಸಿದ.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಎಕ್ಸ್‌ರೇಗೆ ಕಾಯುವಾಗ ಅವನ ಹಾಳೆ ಇಣುಕಿ ನೋಡಿದೆ. ಮೊದಲ ಎರಡು ದಿನದ ಮುಂದೆ "ತುಂಬಾ ಸಹಜ" ಅಂತಿತ್ತು.

ಮೂರನೆಯದರ ಮುಂದೆ: "ಯಾರೂ ಬರಲಿಲ್ಲ. ನಟನೆ ಅತಿಯಾಯಿತು."