ಕುಣಿಮಗ್ಗದವನ ಮೋಟಾರು ಬೈಸಿಕಲ್ಲು

ಕೆಲವರಿಗೆ ಕಾಲಲ್ಲಿ ಚಕ್ರ ಇರುತ್ತದೆ ಅನ್ನುತ್ತಾರೆ. ನನ್ನ ಕಾಲು ಬುದ್ಧಿ ಬಂದಾಗಿನಿಂದ ಕುಣಿಯಲ್ಲೇ ಇದೆ. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲು ಕೆಳಗೆ ಇಳಿಬಿಟ್ಟು, ತುಳಿಮಣೆ ತುಳಿಯುತ್ತಾ ರೇಷ್ಮೆ ಸೀರೆ ನೇಯುವುದು ನಮ್ಮ ಕಸುಬು. ಹೀಗೆ ನೆಲಮಟ್ಟದಲ್ಲಿ ಬದುಕುವವನಿಗೆ ಲೋಕ ಬೇರೆ ಥರ ಕಾಣುತ್ತದೆ. ಬಾಗಿಲಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಮೊಣಕಾಲು ಕಾಣುತ್ತದೆ. ಊರಿನ ದೊಡ್ಡ ಮನುಷ್ಯರನ್ನೆಲ್ಲ ನಾನು ಹಿಮ್ಮಡಿಯ ಬಿರುಕಿನಿಂದಲೇ ಗುರುತು ಹಿಡಿಯಬಲ್ಲೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಇಪ್ಪತ್ನಾಲ್ಕು ವಯಸ್ಸಿನ ತನಕ ಇದನ್ನೇ ನೋಡಿಕೊಂಡು ಕೂತವನಿಗೆ ಒಂದು ದಿನ ತಲೆ ಕೆಟ್ಟರೆ ಅದು ತಪ್ಪೇ, ನೀವೇ ಹೇಳಿ. ನನಗೆ ಕೆಟ್ಟಿತು. ನಾನು ಸ್ವಂತ ಕೈಯಿಂದ ಒಂದು ಮೋಟಾರು ಬೈಸಿಕಲ್ಲು ಕಟ್ಟಲು ಹೊರಟೆ. ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಮೊದಲ ತಪ್ಪು ನನ್ನದಲ್ಲ, ನಮ್ಮ ನಾಯನನದು. ನಮ್ಮ ಮನೆಮಾತು ತೆಲುಗು, ಅಪ್ಪನನ್ನು ನಾಯನ ಎಂದೇ ಕರೆಯುವುದು. ಮಗ್ಗದ ಹಣಿಗೆ, ಅಂದರೆ ನೂಲುಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಸಾಧನ, ಹಳತಾಗಿತ್ತು. ಹೊಸದನ್ನು ತಾ ಎಂದು ನಾಯನ ನನ್ನನ್ನು ಬಳ್ಳಾರಿಗೆ ಕಳಿಸಿದ. ನಾನಾದರೂ ಹಣಿಗೆಯ ಅಂಗಡಿಗೇ ಹೊರಟವನು. ದಾರಿಯಲ್ಲಿ ಗುಜರಿ ಬಜಾರು ಅಡ್ಡ ಬಂತು. ದಂಡಿನ ದೊರೆಯೊಬ್ಬ ತನ್ನ ಮೋಟಾರು ಬೈಸಿಕಲ್ಲಿನಿಂದ ಬಿದ್ದು, ಇನ್ನು ಅದರ ಮುಖ ನೋಡುವುದಿಲ್ಲವೆಂದು ಮಾರಿಹೋಗಿದ್ದನಂತೆ. ಚೌಕಟ್ಟು ಸೊಟ್ಟಗಾಗಿ ಯಾರಿಗೂ ಬೇಡವಾಗಿತ್ತು. ಇಂಜಿನ್ನು ಮಾತ್ರ ಗಟ್ಟಿಯಾಗಿತ್ತು. ಹಣಿಗೆಗೆಂದು ನಾಯನ ಕೊಟ್ಟ ದುಡ್ಡನ್ನು ಅದಕ್ಕೆ ಕೊಟ್ಟು, ಪಂಚೆಯಲ್ಲಿ ಸುತ್ತಿ, ಗಾಡಿಯಲ್ಲಿ ಊರ ತನಕ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ನನ್ನ ಹೆಂಡತಿ ತಿಪ್ಪಮ್ಮ ಹಿತ್ತಾಳೆ ಕೊಡ ತಂದಿದ್ದಾನೆ ಎಂದುಕೊಂಡು ನಗುನಗುತ್ತಾ ಬಿಚ್ಚಿದಳು. ಬಿಚ್ಚಿದ ಕೂಡಲೇ ಆ ನಗು ಮಾಯವಾಯಿತು.

ನಾಯನ "ಏಮಿರಾ ಇದಿ?" ಅಂದ. ಇದೇನೋ ಎಂಬುದನ್ನು ಅವನು ತೆಲುಗಿನಲ್ಲಿ ಕೇಳಿದರೆ ಎರಡು ಪಟ್ಟು ಭಯವಾಗುತ್ತದೆ. ನಾನು ಉತ್ತರ ಹುಡುಕುತ್ತಿರುವಾಗಲೇ ಅವನು ಬಗ್ಗಿ, ಇಂಜಿನ್ನಿನ ಮೈಯಲ್ಲಿ ಗಾಳಿಯಾಡಲೆಂದು ಮಾಡಿದ ಪಟ್ಟಿಗಳ ಮೇಲೆ ಬೆರಳಾಡಿಸಿ, ಇದು ಯಾವ ನಮೂನೆ ಹಣಿಗೆ, ಹಲ್ಲು ಇಷ್ಟು ದೂರ ದೂರ ಯಾಕೆ ಐತೆ ಎಂದು ವಿಚಾರಿಸಿದ. ತಿಪ್ಪಮ್ಮ ಸೆರಗು ಬಾಯಿಗೆ ಹಿಡಿದಳು. ನನಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ನಾಯನನ ಕಣ್ಣು ಇಷ್ಟು ಮಂಜಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಹರಿದ ಎಳೆಗಳನ್ನು ನನ್ನಿಂದ ಕಟ್ಟಿಸುವುದು ನನಗೆ ಕಲಿಸಲೆಂದು ತಿಳಿದಿದ್ದೆ. ಅವನಿಗೆ ಎಳೆಯೇ ಕಾಣುತ್ತಿರಲಿಲ್ಲ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಕೇಳುವಷ್ಟು ಜ್ಞಾನ ನನಗೂ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಸುಪುತ್ರನಾದವನು ಇಂಜಿನ್ನನ್ನು ತಿಪ್ಪೆಗೆಸೆದು ಮಗ್ಗಕ್ಕಿಳಿಯಬೇಕಿತ್ತು. ನಾನು ಅದೇ ದಿನ ಬಾಯಿಬಿಟ್ಟು, ನನಗೆ ಮಗ್ಗ ಬೇಡ, ಚಳ್ಳಕೆರೆಯಲ್ಲಿ ಬೈಸಿಕಲ್ಲು ರಿಪೇರಿ ಅಂಗಡಿ ಇಡುತ್ತೇನೆ ಅಂದೆ. ಆಗ ಚಳ್ಳಕೆರೆಯಲ್ಲಿ ಇದ್ದದ್ದೇ ನಾಲ್ಕೋ ಐದೋ ಬೈಸಿಕಲ್ಲು. ಅವೆಲ್ಲ ಕೆಡುತ್ತವೆ, ದಿನಾ ಕೆಡುತ್ತವೆ ಎಂಬುದು ನನ್ನ ನಂಬಿಕೆ. ನಾಯನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಮೂರು ದಿನ ಕಳೆದು ಬುಡೇನ್ ಸಾಬ್ ಬಂದ. ಚಳ್ಳಕೆರೆಯಿಂದ ಸೀರೆ ವ್ಯಾಪಾರಿಗಳನ್ನು ತನ್ನ ಜಟಕಾದಲ್ಲಿ ನಮ್ಮೂರಿಗೆ ಕರೆತರುವವನು ಅವನು. ಮೂಲೆಯಲ್ಲಿದ್ದ ಇಂಜಿನ್ನನ್ನು ನೋಡಿ, ವಿಷಯ ಕೇಳಿ, ಗಡ್ಡ ಸವರಿಕೊಂಡು, "ಅರೆ ಭಾಯಿ, ನನ್ನ ಕುದುರೆ ಹುಲ್ಲು ತಿಂದು ಓಡ್ತೈತೆ. ಇದು ಏನ್ ತಿಂದು ಓಡ್ತೈತೆ?" ಅಂದ. ಇದು ಓಡಿದರೆ ನಿನ್ನ ಕುದುರೆ ಹಿಂದೆ ಧೂಳು ತಿನ್ನುತ್ತದೆ ಎಂದು ನಾನು ಅಂದುಬಿಟ್ಟೆ. ಆಗ ಮಗ್ಗದ ಕುಣಿಯಿಂದ ನಾಯನನ ದನಿ ಬಂತು. ಓಡಿಸಿ ತೋರಿಸು ಎಂದ. ನನ್ನಿವಾಳ ಹಳ್ಳಿಯಿಂದ ಚಳ್ಳಕೆರೆಯ ಊರಬಾಗಿಲ ಬೇವಿನ ಮರದ ತನಕ ಜಟಕಾಕ್ಕಿಂತ ಮುಂದೆ ಮುಟ್ಟಿದರೆ ನಿನ್ನ ಅಂಗಡಿ ನಿನಗೆ, ಹಿಂದೆ ಬಿದ್ದರೆ ಮತ್ತೆ ಈ ಕುಣಿಗೆ, ಆಮೇಲೆ ಚಳ್ಳಕೆರೆಯ ಮಾತು ಎತ್ತಕೂಡದು. ಜಟಕಾದಲ್ಲಿ ತಾನೇ ಕೂತು ಬರುವುದಾಗಿಯೂ ಹೇಳಿದ. ಬುಡೇನ್ ಸಾಬ್ ಕೂಡಲೇ ಖಬೂಲ್ ಎಂದುಬಿಟ್ಟ. ತಿಪ್ಪಮ್ಮ ಮಾತ್ರ ಕೈಯಲ್ಲಿದ್ದ ಕಂಡಿಕೆಗೆ ನೂಲು ಸುತ್ತುತ್ತಲೇ ಇದ್ದಳು. ಅವಳು ಯಾರು ಗೆಲ್ಲಲಿ ಎಂದು ಬಯಸಿದಳೋ ನನಗೆ ಇವತ್ತಿಗೂ ತಿಳಿಯದು.

ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೆ ಅದೊಂದೇ ಬಿಡುವು. ಹಾಗಾಗಿ ನನ್ನ ಮೋಟಾರು ಬೈಸಿಕಲ್ಲು ಅಮಾವಾಸ್ಯೆಗೊಂದು ಅಂಗದಂತೆ ಬೆಳೆಯಿತು. ಒಂದು ಅಮಾವಾಸ್ಯೆಗೆ ಕಮ್ಮಾರ ಬೋರಯ್ಯ ಇಂಜಿನ್ನನ್ನು ನಾನು ಗುಜರಿಯಲ್ಲೇ ಹುಡುಕಿ ತಂದ ಹಳೇ ಬೈಸಿಕಲ್ಲಿನ ಹೊಟ್ಟೆಗೆ ಕಬ್ಬಿಣದ ಪಟ್ಟಿ ಹಾಕಿ ಕಟ್ಟಿದ. ಇನ್ನೊಂದಕ್ಕೆ ಅದರಿಂದ ಹಿಂದಿನ ಗಾಲಿಗೆ ಚರ್ಮದ ಪಟ್ಟಿ ಬಂತು. ಬಳ್ಳಾರಿಯಿಂದ ಡಬ್ಬಿಯಲ್ಲಿ ಪೆಟ್ರೋಲು ಬಂತು, ಆ ವಾಸನೆಗೆ ತಿಪ್ಪಮ್ಮ ನನ್ನ ಹಾಸಿಗೆಯನ್ನು ಜಗಲಿಗೆ ಹಾಕಿದಳು. ವೇಗ ಹೆಚ್ಚು ಕಡಿಮೆ ಮಾಡುವ ಸನ್ನೆಗೋಲು ಮುರಿದಿತ್ತು. ಬೋರಯ್ಯ ತಲೆ ಕೆರೆದುಕೊಂಡ. ಇಲ್ಲಿ ನಾನು ನನ್ನ ಸ್ವಂತ ಬುದ್ಧಿ ಓಡಿಸಿದೆ. ನಮ್ಮ ಮನೆಗೆ ಕೆಲವು ವರ್ಷದ ಹಿಂದೆ ಹೊಸ ನಮೂನೆಯ ಮಗ್ಗ ಬಂದಿತ್ತು. ಅದರಲ್ಲಿ ಅಡ್ಡನೂಲು ಒಯ್ಯುವ ಲಾಳಿಯನ್ನು ಕೈಯಿಂದ ತೂರುವುದಿಲ್ಲ, ಎದೆಯ ಮುಂದೆ ತೂಗುವ ಹಗ್ಗ ಜಗ್ಗಿದರೆ ಸಾಕು, ಲಾಳಿ ತಾನೇ ಹಾರುತ್ತದೆ. ಅದೇ ಥರದ ಹಗ್ಗ, ಅದೇ ಥರದ ಮರದ ಹಿಡಿ, ನನ್ನ ಬೈಸಿಕಲ್ಲಿಗೂ ಕಟ್ಟಿದೆ. ಜಗ್ಗಿದರೆ ವೇಗ, ಬಿಟ್ಟರೆ ನಿಧಾನ. ನಿಲ್ಲಿಸಲು ಒಂದು ತುಳಿಮಣೆ, ತುಳಿದರೆ ಮರದ ತುಂಡು ಗಾಲಿಯನ್ನು ಒತ್ತುತ್ತದೆ. ಕಾಲಿಗೆ ತುಳಿಮಣೆ, ಕೈಗೆ ಹಗ್ಗ. ಇಷ್ಟು ಒಗ್ಗುವ ಯಂತ್ರವನ್ನು ಯಾವ ದೊರೆಯೂ ಮಾಡಿರಲಾರ ಎಂದು ಬೀಗಿದೆ. ಆ ಬೀಗುವಿಕೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಊರ ಹೊರಗಿನ ಬಯಲಿನಲ್ಲಿ ಎರಡು ಸಲ ಓಡಿಸಿ ನೋಡಿದೆ. ಎರಡು ಸಲವೂ ಒಂದಿಷ್ಟು ದೂರ ಹೋಗಿ ಚರ್ಮದ ಪಟ್ಟಿ ಕಳಚಿ ಬಿತ್ತು, ಗಾಡಿ ತಾನೇ ನಿಂತಿತು. ಆ ಪಟ್ಟಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ನಿಲ್ಲಿಸುವ ಪ್ರಸಂಗವೇ ಬೀಳದಿದ್ದುದರಿಂದ, ನನಗೆ ನಿಲ್ಲಿಸಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ನನಗೂ ಹೊಳೆಯಲಿಲ್ಲ, ಬೋರಯ್ಯನಿಗೂ ಹೊಳೆಯಲಿಲ್ಲ. ಪಂದ್ಯಕ್ಕೆ ಮುಂಚೆ ಹೊಸ ಪಟ್ಟಿ ಹೊಲಿಸಿದೆ. ದಪ್ಪ ಎಮ್ಮೆಯ ಚರ್ಮ, ಮೂರು ವರಸೆ ಹೊಲಿಗೆ. ಇನ್ನು ಇದು ಕಳಚುವ ಮಾತೇ ಇಲ್ಲ ಎಂದು ಹೊಲಿದವನು ಭರವಸೆ ಕೊಟ್ಟ. ಮಾತು ಉಳಿಸಿಕೊಂಡ ಪುಣ್ಯಾತ್ಮ.

ಪಂದ್ಯವೂ ಅಮಾವಾಸ್ಯೆಯಂದೇ. ಬೈಸಿಕಲ್ಲನ್ನು ಎತ್ತಿನ ಗಾಡಿಯ ಮೇಲೆ ಮಲಗಿಸಿಕೊಂಡು ಹಿಂದಿನ ದಿನವೇ ನನ್ನಿವಾಳ ಸೇರಿದೆವು. ಬೆಳಿಗ್ಗೆ ಜನ ಸೇರಿದರು. ನಾಯನ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ ಜಟಕಾ ಹತ್ತಿದ. ಅವನ ಮುಖ ನೋಡಿದೆ, ನೋಡಬಾರದಿತ್ತು. ನಾನು ಗೆದ್ದರೆ ಅವನ ಮಗ್ಗ ನಿಲ್ಲುತ್ತದೆ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ನನ್ನ ಕಡೆ ತಿರುಗಿ, ಹುಷಾರಾಗಿ ಓಡ್ಸು, ಕಲ್ಲು ಬಾಳ ಅವೆ ದಾರೀಲಿ ಅಂದ. ಸೋಲಲಿ ಎಂದು ಬಯಸುವವನು ಹೀಗೆ ಹೇಳುತ್ತಾನೆಯೇ. ಆದರೂ ಪೆಡಲು ತುಳಿದೆ.

ಇಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಹಗ್ಗವನ್ನು ಮೆಲ್ಲಗೆ ಜಗ್ಗಿ ಹಿಡಿದೆ. ಅಷ್ಟು ದಿನ ಮೊಣಕಾಲುಗಳನ್ನೇ ನೋಡಿದ ಕಣ್ಣಿಗೆ ಆವತ್ತು ಜನರ ತಲೆಗಳು ಕಂಡವು, ಜಾಲಿ ಮರಗಳು ಹಿಂದೆ ಹೋಗುವುದು ಕಂಡಿತು. ಕುರಿಗಳು ಚೆಲ್ಲಾಪಿಲ್ಲಿಯಾದವು, ಕುರುಬನೊಬ್ಬ ನನ್ನ ವಂಶವನ್ನೆಲ್ಲ ನೆನೆದು ಬೈದ. ನನಗೆ ಅದೂ ಹಿತವಾಗಿತ್ತು. ಜಟಕಾ ಹಿಂದೆಯೇ ಇತ್ತು, ಕುದುರೆಯ ಗೊರಸಿನ ಸದ್ದು ಕಿವಿಗೆ ಬಿಡದೆ ಬೀಳುತ್ತಿತ್ತು, ಆದರೆ ಹಿಂದೆಯೇ ಉಳಿಯಿತು. ಬೇವಿನ ಮರ ಬಂತು. ದಾಟಿದೆ. ಗೆದ್ದೆ.

ಇನ್ನು ನಿಲ್ಲಿಸಬೇಕು. ತುಳಿಮಣೆ ತುಳಿದೆ. ತುಳಿದ ಕೂಡಲೇ ನನ್ನ ಕೈ ಹಗ್ಗವನ್ನು ಜಗ್ಗಿತು. ನಾನು ಜಗ್ಗಲಿಲ್ಲ, ನನ್ನ ಕೈ ಜಗ್ಗಿತು. ಹತ್ತು ವಯಸ್ಸಿನಿಂದ ಕಾಲು ತುಳಿದಾಗಲೆಲ್ಲ ಕೈಯನ್ನೂ ಆಡಿಸಿ ಲಾಳಿ ಓಡಿಸಿದವನು ನಾನು. ಆ ಕಾಲು ಈ ಕೈಯನ್ನು ಬಿಟ್ಟು ಒಂದು ದಿನವೂ ಕೆಲಸ ಮಾಡಿದ್ದಿಲ್ಲ. ಗಾಡಿ ಒಮ್ಮೆ ಮುಗ್ಗರಿಸಿ ಮತ್ತೆ ಹಾರಿತು. ಹೆದರಿ ಇನ್ನೂ ಜೋರಾಗಿ ತುಳಿದೆ, ಇನ್ನೂ ಜೋರಾಗಿ ಜಗ್ಗಿದೆ. ಗೆದ್ದ ಹುರುಪಿಗೆ ಊರು ಸುತ್ತುತ್ತಿದ್ದಾನೆ ಎಂದುಕೊಂಡು ಜನ ಭೇಷ್ ಭೇಷ್ ಅಂದರು. ನನಗೆ ಆ ಭೇಷ್ ಬೇಡವಾಗಿತ್ತು, ಯಾರಾದರೂ ಹಿಡಿದು ಕೆಡವಿದ್ದರೆ ಸಾಕಿತ್ತು. ಸಂತೆ ಬೀದಿ ಹೋಯಿತು, ಗಾಣದ ಮನೆ ಬಂತು, ಅದರ ಮುಂದಿನ ಕಡಲೆಕಾಯಿ ರಾಶಿಗೆ ನಾನೂ ಬೈಸಿಕಲ್ಲೂ ಒಟ್ಟಿಗೆ ನುಗ್ಗಿದೆವು.

ಜಟಕಾ ಬಂದು ನಿಂತಿತು. ನಾಯನ ಇಳಿದು ತಡವರಿಸುತ್ತಾ ಬಂದು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ತಲೆ ಮುಟ್ಟಿ ನೋಡಲಿಲ್ಲ, ಎದೆ ಮುಟ್ಟಿ ನೋಡಲಿಲ್ಲ. ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದ. ಬಲಗೈ ಮಣಿಕಟ್ಟು ಊದಿತ್ತು, ಬೆರಳು ಹತ್ತೂ ನೆಟ್ಟಗಿದ್ದವು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ನನ್ನ ಮಗ ಗೆದ್ದ, ಅಂಗಡಿ ಅವನದು ಅಂದ. ಬುಡೇನ್ ಸಾಬ್ ತನ್ನ ಕುದುರೆ ಲಾಯದ ಪಕ್ಕದ ಮಳಿಗೆ ಖಾಲಿ ಐತೆ, ಅದನ್ನೇ ತಗೋ ಎಂದು ದೊಡ್ಡ ಮನಸ್ಸು ತೋರಿಸಿದ.

ಊರಿಗೆ ಹಿಂದಿರುಗುವಾಗ ಗಾಡಿಯಲ್ಲಿ ನಾಯನ ಎತ್ತಲೋ ನೋಡುತ್ತಾ ಹೇಳಿದ: "ಮರ ದಾಟಿದ್ ಮೇಲೆ ನಿನ್ ಗಾಡಿ ಸದ್ದು ಕೇಳಿದೆ ಕಣೋ. ಏಳ್ತಿತ್ತು, ಇಳೀತಿತ್ತು, ಏಳ್ತಿತ್ತು, ಇಳೀತಿತ್ತು. ಜನ ಏನೇನೋ ಅಂದ್ರು. ನಂಗೆ ಗೊತ್ತಾತು. ನೀನು ನೇಯ್ತಿದ್ದೆ."

ನನಗೆ ಅಳು ಬಂತು. ಮಣಿಕಟ್ಟು ನೋಯುತ್ತಿದೆ ಅಂದೆ.

ಮಣಿಕಟ್ಟು ವಾಸಿಯಾಗಲು ಒಂದು ತಿಂಗಳಾಯಿತು. ನಾಯನ ಮಾತಿಗೆ ತಪ್ಪಲಿಲ್ಲ. ಚಳ್ಳಕೆರೆಗೆ ಹೊರಡಲು ದಿನ ಗೊತ್ತಾಯಿತು, ತಿಪ್ಪಮ್ಮ ಪಾತ್ರೆ ಪಡಗ ಕಟ್ಟಿದಳು. ಹೊರಡುವ ಬೆಳಿಗ್ಗೆ ಹೇಳಿ ಬರೋಣವೆಂದು ಮಗ್ಗದ ಕೋಣೆಗೆ ಹೋದೆ. ನಾಯನ ಕುಣಿಯಲ್ಲಿ ಕೂತು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸುನೂಲಿನ ಮೇಲೆ ಬೆರಳಾಡಿಸುತ್ತಿದ್ದ. ಒಂದು ಎಳೆ ಹರಿದಿತ್ತು. ಬಾಗಿಲಲ್ಲಿ ನಿಂತ ನನಗೆ ಅದು ಕಾಣುತ್ತಿತ್ತು, ಅವನಿಗೆ ಸಿಗುತ್ತಿರಲಿಲ್ಲ. ಬೆರಳು ಅದರ ಹತ್ತಿರ ಹೋಗುವುದು, ತಪ್ಪುವುದು, ಮತ್ತೆ ಮೊದಲಿನಿಂದ ಹುಡುಕುವುದು. ಅವನು ನನ್ನನ್ನು ಕರೆಯಲಿಲ್ಲ. "ಜರುಗು ನಾಯನಾ, ಈ ಒಂದು ಎಳೆ ಕಟ್ಟಿ ಹೊರಡ್ತೀನಿ" ಅಂದು ಕುಣಿಗಿಳಿದೆ.

ಅದಾಗಿ ಹದಿನಾಲ್ಕು ವರ್ಷವಾಯಿತು. ಅಪ್ಪನಿಗಾಗಿ ಆಸೆ ಬಿಟ್ಟುಕೊಟ್ಟ ಮಗನೆಂದು ಊರಲ್ಲಿ ನನಗೆ ಒಳ್ಳೆಯ ಹೆಸರಿದೆ, ಯಾರಾದರೂ ಹಾಗೆ ಅಂದರೆ ನಾನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ, ನಾಯನ ತೀರಿಕೊಂಡೇ ಆರು ವರ್ಷವಾಗಿದೆ. ಚಳ್ಳಕೆರೆಗೆ ಹೋಗಬೇಡವೆನ್ನುವವರು ಈಗ ಯಾರೂ ಇಲ್ಲ. ಈಗ ಮಗ್ಗದ ಮೇಲಿರುವ ಸೀರೆ ಅರ್ಧವಾಗಿದೆ, ಇದೊಂದು ಮುಗಿದರೆ ಹೊರಟೇಬಿಡುತ್ತೇನೆ ಎಂದು ಮೊನ್ನೆಯೂ ತಿಪ್ಪಮ್ಮನಿಗೆ ಹೇಳಿದೆ. ಅವಳು ಹೂಂ ಅಂದು, ಮುಂದಿನ ಸೀರೆಗೆ ಯಾವ ಬಣ್ಣ ಎಂದು ಕೇಳಿದಳು. ನಾನು ಹೇಳಿದೆ.